ಎದುರಿನವನು ಸುಮ್ನೆ ನಿಲ್ಲುತ್ತಾನಾ?

ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಕರಾಟೆ ಕ್ಲಾಸು. ಬಿಳಿ ಅಂಗಿಯ ಮೂವತ್ತು ಮಕ್ಕಳು ಸಾಲಾಗಿ ನಿಂತು 'ಇಚ್, ನೀ, ಸಾನ್' ಎಂದು ಎಣಿಸುತ್ತಾ ಗಾಳಿಗೆ ಗುದ್ದುತ್ತಾರೆ. ರಸ್ತೆಯ ಆಚೆ, ಮೊದಲು ಬಟ್ಟೆ ಅಂಗಡಿ ಇದ್ದ ಜಾಗದಲ್ಲಿ, ಈಗ ಗಾಜಿನ ಬಾಗಿಲಿನ ಎಂಎಂಎ ಜಿಮ್. ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಸೆಣಸಾಟ ಅದು. ಒಳಗೆ ಇಬ್ಬರು ಹುಡುಗರು ಮ್ಯಾಟಿನ ಮೇಲೆ ಒಬ್ಬರನ್ನೊಬ್ಬರು ಹಿಡಿದು ಉರುಳಾಡುತ್ತಿರುತ್ತಾರೆ. ಅಕ್ಕನ ಮಗಳು ಕಾಲೇಜಿಗೆ ಲೋಕಲ್ ರೈಲು ಹಿಡಿಯಲು ಶುರು ಮಾಡಿದ ಮೇಲೆ ಅಕ್ಕ ನನ್ನನ್ನು ಕೇಳಿದಳು: "ಇವಳನ್ನು ಯಾವುದಕ್ಕೆ ಸೇರಿಸೋಣ ಹೇಳು. ನೀನು ಕರಾಟೆ ಕಲ್ತವಳಲ್ವಾ?"

ಕಲಿತವಳು ನಿಜ. ಆದರೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. ಗುರುವಿನಿಂದ ಗುರುವಿಗೆ ಬಂದ ವಿದ್ಯೆ ಕೈಹಿಡಿಯುತ್ತದಾ, ರಿಂಗಿನಲ್ಲಿ ಗೆದ್ದ ಆಟ ಕೈಹಿಡಿಯುತ್ತದಾ ಎಂಬ ಈ ವಾದಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. ಅದರ ಬೇರು ಹುಡುಕುತ್ತಾ ಹೋದರೆ ನಮ್ಮ ಗರಡಿಯೂ ಸಿಗುತ್ತದೆ.

'ಗರಡಿ' ಎಂದರೆ ಮುಂಬಯಿ ಕನ್ನಡಿಗರ ನಡುವೆ ಎರಡು ಅರ್ಥ. ತುಳುನಾಡಿನವರಿಗೆ ಮೊದಲು ಕಣ್ಣಿಗೆ ಬರುವುದು ಕೋಟಿ-ಚೆನ್ನಯರನ್ನು ಪೂಜಿಸುವ ಜಾಗ. ಮೈಸೂರು, ಧಾರವಾಡ ಕಡೆಯವರಿಗೆ ಕೆಮ್ಮಣ್ಣಿನ ಮಟ್ಟಿ, ಗದೆ, ಉಸ್ತಾದರು. ನಮ್ಮಲ್ಲಿ ಕುಸ್ತಿಯ ಲೆಕ್ಕಾಚಾರ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ಸಾಧನೆ, ಏನು ಉಣ್ಣಬೇಕು ಎಂಬುದೆಲ್ಲ ಅಲ್ಲಿದೆ. ಆದರೆ ಗರಡಿಯ ನಿಜವಾದ ಬಲ ಬೇರೆಯೇ. ಅಲ್ಲಿ ಎದುರಿನವನು ಸುಮ್ನೆ ನಿಲ್ಲುವುದಿಲ್ಲ. ಹಿಡಿದರೆ ಕೊಸರಿಕೊಳ್ಳುತ್ತಾನೆ, ಎಳೆದರೆ ಬಗ್ಗುವುದಿಲ್ಲ. ದಿನಾ ಮಣ್ಣು ಮುಕ್ಕುತ್ತಾ ಮುಕ್ಕುತ್ತಾ ಪಟ್ಟು ಮೈಗೆ ಹತ್ತುತ್ತದೆ.

ಇದರ ಇನ್ನೊಂದು ತುದಿ ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನೆಯ ಆಯುಧ ತೊಟ್ಟು ಎದುರಾಗುತ್ತಾರೆ. ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ವರ್ಷಗಳೂ ಇವೆ. ಇಂಥದ್ದನ್ನು ದಿನಾ ಬೆಳಿಗ್ಗೆ ಪೂರ್ತಿ ಬಲದಿಂದ ಅಭ್ಯಾಸ ಮಾಡಲು ಆಗುತ್ತದಾ? ಆಗುವುದಿಲ್ಲ. ಪೆಟ್ಟು ಎಷ್ಟು ಅಪಾಯದ್ದೋ ಅಷ್ಟು ಅದನ್ನು ನಿಜವಾಗಿ ಹೊಡೆದು ಕಲಿಯುವುದು ಕಷ್ಟ.

ಈ ಗಂಟನ್ನು ಬಿಡಿಸಿದವರು ಜಪಾನಿನ ಜಿಗೊರೊ ಕಾನೊ. ಜುಜುತ್ಸು ಎಂಬ ಹಳೆಯ ಕಾಳಗದ ವಿದ್ಯೆ ಕಲಿತ ಈ ತರುಣ 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇಗುಲದಲ್ಲಿ ಕೈಬೆರಳೆಣಿಕೆಯ ಶಿಷ್ಯರೊಂದಿಗೆ ಜೂಡೋ ಶುರು ಮಾಡಿದರು. ಮೂಳೆ ಮುರಿಯುವ, ಜೀವ ತೆಗೆಯುವ ಪೆಟ್ಟುಗಳನ್ನು ಅವರು ಬಿಸಾಡಲಿಲ್ಲ. 'ಕಾಟಾ' ಎಂಬ ಮೊದಲೇ ಗೊತ್ತಿರುವ ವರಸೆಗಳಲ್ಲಿ ಉಳಿಸಿಕೊಂಡರು. ಎತ್ತಿ ಒಗೆಯುವುದು, ಅದುಮಿ ಹಿಡಿಯುವುದು, ಕತ್ತು ಬಿಗಿಯುವುದು ಇಂಥವನ್ನು 'ರಂದೋರಿ' ಎಂಬ ಬಿಡುಸೆಣಸಾಟಕ್ಕೆ ಬಿಟ್ಟರು. ಅಪಾಯದ್ದನ್ನು ತೆಗೆದ ಮೇಲೆ ಉಳಿದದ್ದನ್ನು ದಿನಾ ಪೂರ್ತಿ ಶಕ್ತಿ ಹಾಕಿ ಮಾಡಬಹುದು. ನೋಡಲು ಮೆತ್ತಗಾದ ವಿದ್ಯೆ ನಿಜದಲ್ಲಿ ಗಟ್ಟಿಯಾಯಿತು. ಇಡೀ ವಾದದ ಕೀಲಿಕೈ ಇಲ್ಲಿದೆ ಎಂದು ನಾನು ನಂಬುತ್ತೇನೆ.

ಕರಾಟೆಯ ಹಾದಿ ಬೇರೆ ಆಯಿತು. ಒಕಿನಾವಾ ದ್ವೀಪದಲ್ಲಿ ಗುರು ಒಬ್ಬಿಬ್ಬರು ಶಿಷ್ಯರಿಗೆ ಹೇಳಿಕೊಡುತ್ತಿದ್ದ ವಿದ್ಯೆ ಅದು. 1901ರ ಹೊತ್ತಿಗೆ ಇತೊಸು ಆಂಕೋ ಎಂಬ ಗುರು ಅದನ್ನು ಶಾಲೆಗೆ ತಂದರು. ಮಕ್ಕಳಿಗೆಂದು ಸರಳ ಮಾಡಿದರು, ಸಾಲಾಗಿ ನಿಲ್ಲಿಸಿದರು. 1922ರಲ್ಲಿ ಗಿಚಿನ್ ಫುನಾಕೊಶಿ ಅದನ್ನು ಟೋಕಿಯೋಗೆ ಒಯ್ದರು. ನಮ್ಮ ಟೆರೇಸಿನ ಆ ಮೂವತ್ತು ಮಕ್ಕಳ ಸಾಲು ಬಂದದ್ದು ಆ ಶಾಲೆಯ ಅಂಗಳದಿಂದ. ಒಬ್ಬರೇ ಸರ್ ಮೂವತ್ತು ಮಕ್ಕಳನ್ನು ಪೆಟ್ಟಾಗದಂತೆ ನೋಡಿಕೊಳ್ಳಬೇಕಾದರೆ ಗಾಳಿಗೆ ಗುದ್ದಿಸುವುದೇ ದಾರಿ. ಅದರಿಂದ ಮೈ ಹುರಿಗೊಳ್ಳುತ್ತದೆ, ಶಿಸ್ತು ಬರುತ್ತದೆ. ಅದನ್ನು ಸಣ್ಣದು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಹಿಡಿದ ಕೈ ಬಿಡಿಸಿಕೊಳ್ಳಲು ಅದೊಂದೇ ಸಾಲದು.

ನಮ್ಮ ಮುಂಬಯಿಗೆ ಸೆಣಸಾಟದ ವಿದ್ಯೆ, ಸಾಲಿನ ಕರಾಟೆ ಎರಡೂ ಬಂದವು, ಒಂದರ ಹಿಂದೆ ಒಂದು. ಗಿರಣಿ ಕಾರ್ಮಿಕರ ಪರಳ್, ಲಾಲ್‌ಬಾಗ್‌ಗಳಲ್ಲಿ ವ್ಯಾಯಾಮಶಾಲೆಗಳಿದ್ದವು. ಬಾಂಬೆ ಪ್ರೆಸಿಡೆನ್ಸಿಯ ಬಾಕ್ಸಿಂಗ್ ಸಂಸ್ಥೆ 1925ರಲ್ಲೇ ಹುಟ್ಟಿತ್ತು. ಕರಾವಳಿಯಿಂದ ಬಂದ ಎಂ.ಬಿ. ಶೆಟ್ಟಿ ಇಲ್ಲಿ ಬಾಕ್ಸಿಂಗ್ ಮಾಡಿ, ಆಮೇಲೆ ಹಿಂದಿ ಸಿನಿಮಾದ ಫೈಟ್ ಮಾಸ್ಟರ್ ಆದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರಿಗೆ ಅವರೆಂದರೆ ಎಷ್ಟು ಅಭಿಮಾನ ಎಂದು ಹಿರಿಯರು ಈಗಲೂ ಹೇಳುತ್ತಾರೆ. 1973ರಲ್ಲಿ ಬ್ರೂಸ್ ಲೀ ತೀರಿಕೊಂಡರು. ಅವರ ಸಿನಿಮಾಗಳ ಹುಚ್ಚು ಆಮೇಲೆ ಇನ್ನೂ ಏರಿತು. ಟೆರೇಸು, ಶಾಲೆಯ ಹಾಲು, ಸಂಘದ ಸಭಾಗೃಹ ಎಲ್ಲೆಲ್ಲೂ ಕರಾಟೆ ಬೋರ್ಡು ಬಿತ್ತು. ನಾನು ಮಾಟುಂಗಾದಲ್ಲಿ ನಾಲ್ಕು ವರ್ಷ ಕಲಿತದ್ದು ಆ ಅಲೆಯ ಕೊನೆಯಲ್ಲಿ.

ಆ ಅಲೆಗೆ ಪೆಟ್ಟು ಬಿದ್ದದ್ದು 1993ರ ನವೆಂಬರ್ 12ರಂದು, ಅಮೆರಿಕದ ಡೆನ್ವರ್‌ನಲ್ಲಿ. ಯುಎಫ್‌ಸಿ ಎಂಬ ಎಂಎಂಎ ಪಂದ್ಯಾವಳಿ ಅಲ್ಲಿ ಮೊದಲ ಸಲ ನಡೆಯಿತು. ಎಂಟು ಜನ, ಎಂಟು ಬಗೆಯ ಹಿನ್ನೆಲೆ, ತೂಕದ ವಿಭಾಗವೇ ಇಲ್ಲ. ಸುಮಾರು 80 ಕಿಲೋ ತೂಕದ ಬ್ರೆಜಿಲಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಮೂರೂ ಸೆಣಸಾಟ ಕೂಡಿಸಿದರೆ ಐದೇ ನಿಮಿಷ. ಅವರ ಜುಜುತ್ಸುವಿನ ಮೂಲ ಕಾನೊ ಅವರ ಜೂಡೋ. ಮಿತ್ಸುಯೊ ಮಾಯೆದಾ ಎಂಬ ಜೂಡೋ ಪಟು 1914ರಲ್ಲಿ ಬ್ರೆಜಿಲಿಗೆ ಹೋಗಿದ್ದರು. ಮುಂದೆ ಗ್ರೇಸಿ ಮನೆಯವರು ಅವರಿಂದ ಕಲಿತರು. ಆ ಪಂದ್ಯ ಕಟ್ಟಿದವರಲ್ಲಿ ರಾಯ್ಸ್ ಅವರ ಅಣ್ಣನೂ ಒಬ್ಬರು ಎಂಬುದನ್ನು ಮರೆಯಬಾರದು. ಅದು ಪರೀಕ್ಷೆಯೂ ಹೌದು, ಮನೆಯ ವಿದ್ಯೆಯ ಜಾಹೀರಾತೂ ಹೌದು. ಆದರೂ ಸಾಲಿನಲ್ಲಿ ಕಲಿತದ್ದು ಕೊಸರುವ ಮೈಯೆದುರು ಎಷ್ಟು ನಿಲ್ಲುತ್ತದೆ ಎಂದು ಜಗತ್ತು ಆ ರಾತ್ರಿ ನೋಡಿತು. ಕರಾಟೆ ಸತ್ತಿತು ಎಂದವರೂ ತಪ್ಪಿದರು. ಚಿಕ್ಕಂದಿನಿಂದ ಶೋಟೊಕಾನ್ ಕರಾಟೆ ಕಲಿತ ಲ್ಯೋಟೊ ಮಚಿಡಾ 2009ರಲ್ಲಿ ಯುಎಫ್‌ಸಿ ಚಾಂಪಿಯನ್ ಆದರು. ಆ ಕರಾಟೆಯನ್ನು ಅವರು ತಿರುಗಿ ಹೊಡೆಯುವವರ ಮುಂದೆ ಬೆಳೆಸಿಕೊಂಡಿದ್ದರು.

ಮುಂಬಯಿಗೆ ಈ ಗಾಳಿ 2012ರಲ್ಲಿ ಬೀಸಿತು. ಅಂಧೇರಿಯಲ್ಲಿ ಸೂಪರ್ ಫೈಟ್ ಲೀಗ್‌ನ ಮೊದಲ ಪಂದ್ಯಗಳು ನಡೆದವು. ಆಮೇಲೆ ಗಾಜಿನ ಬಾಗಿಲಿನ ಜಿಮ್ಮುಗಳು ಬಂದವು.

ಹಾಗಾದರೆ ರಿಂಗೇ ಗೆದ್ದಿತಾ? ಬೀದಿಯ ಮಟ್ಟಿಗೆ ನಾನು ಹಾಗೆ ಹೇಳಲಾರೆ. ರಿಂಗಿನಲ್ಲಿ ಎದುರಾಳಿ ಒಬ್ಬನೇ. ಕೆಳಗೆ ಮೆತ್ತನೆ ಹಾಸು, ಪಕ್ಕದಲ್ಲಿ ರೆಫರಿ, ಕೈಗೆ ಗ್ಲೌಸು. ರೈಲ್ವೆ ಬ್ರಿಜ್ಜಿನಲ್ಲಿ ಕೆಳಗೆ ಕಲ್ಲಿನ ಮೆಟ್ಟಿಲು, ಹೆಗಲಲ್ಲಿ ಚೀಲ, ಹಿಂದೆ ಇನ್ನೊಬ್ಬ ಇರಬಹುದು. ಮ್ಯಾಟಿನ ಮೇಲೆ ಗೆಲ್ಲಿಸುವ ನೆಲದ ಪಟ್ಟು ಅಲ್ಲಿ ನಮ್ಮನ್ನೇ ಸಿಕ್ಕಿಸುತ್ತದೆ. ಬರಿಗೈಯಲ್ಲಿ ತಲೆಗೆ ಗುದ್ದಿದರೆ ಕಿರುಬೆರಳ ಕೆಳಗಿನ ಮೂಳೆ ಮುರಿಯುವುದು ಮಾಮೂಲು. ಚಾಕು ಕಂಡರೆ ಯಾವ ಬೆಲ್ಟೂ ನೆಚ್ಚಿಕೊಳ್ಳುವಂಥದ್ದಲ್ಲ. ಮೊಬೈಲ್ ಕೊಟ್ಟು ಓಡಬೇಕು.

ನನಗೆ ಇದು ಓದಿ ಗೊತ್ತಾದದ್ದಲ್ಲ. ಒಂದು ಸಂಜೆ ಬ್ರಿಜ್ಜಿನ ತಿರುವಿನಲ್ಲಿ ಒಬ್ಬ ನನ್ನ ಮಣಿಕಟ್ಟು ಹಿಡಿದ. ನಾಲ್ಕು ವರ್ಷ ಕಲಿತ, ಪೆಟ್ಟು ತಡೆಯುವ ಬ್ಲಾಕುಗಳಲ್ಲಿ ಒಂದೂ ಬರಲಿಲ್ಲ. ಕಿವಿಯಲ್ಲಿ ಗುಯ್ ಎಂಬ ಸದ್ದು, ಬೆರಳುಗಳು ಮರಗಟ್ಟಿದ್ದವು. ಆದರೆ ಹೊಟ್ಟೆಯ ಆಳದಿಂದ ಒಂದು ಕೂಗು ಬಂತು. ಪ್ರತಿ ಗುದ್ದಿನ ಜೊತೆ ಕೂಗಲು ಕಲಿಸಿದ್ದರಲ್ಲ, ಅದೇ ಕಿಯಾಯ್. ಅವನು ಕೈಬಿಟ್ಟು ಜನರಲ್ಲಿ ಕರಗಿಹೋದ. ಕರಾಟೆ ನನಗೆ ಕೊಟ್ಟದ್ದು ಆ ಕೂಗು. ಅದಕ್ಕೆ ಇವತ್ತಿಗೂ ಋಣಿ.

ಕೂಗಿನ ಬೆಲೆ ಕಡಿಮೆಯದಲ್ಲ. 2015ರಲ್ಲಿ ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮೂರು ಮೂರು ಗಂಟೆಯ ನಾಲ್ಕು ತರಗತಿ, ಅಷ್ಟೇ. ಕೈಕಾಲಿನ ಪಟ್ಟು ಅದರಲ್ಲಿ ಒಂದು ಭಾಗ ಮಾತ್ರ. ಗುರುತಿನ ಗಂಡಸರಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, ಸಂಕೋಚ ಬಿಟ್ಟು ಗಟ್ಟಿಯಾಗಿ 'ಬೇಡ' ಎನ್ನುವುದೂ ಕಲಿಕೆಯೇ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ತರಬೇತಿ ಇಲ್ಲದವರಲ್ಲಿ ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ನಮ್ಮ ದೇಶದ ಅಪರಾಧ ದಾಖಲೆಗಳಲ್ಲೂ ಅತ್ಯಾಚಾರದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಗುರುತಿನವನೇ. ಇಷ್ಟಿದ್ದೂ ಬಹುಪಾಲು ಕ್ಲಾಸುಗಳು ಕತ್ತಲಲ್ಲಿ ಎರಗುವ ಅಪರಿಚಿತನ ಬಗ್ಗೆಯೇ ಹೇಳಿಕೊಡುತ್ತವೆ. ಅದು ನನ್ನನ್ನು ಚುಚ್ಚುತ್ತದೆ.

ಕಾನೂನೂ ಕ್ಲಾಸಿನಲ್ಲಿ ಸಿಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಬಿದ್ದವನನ್ನು ಮತ್ತೆ ತುಳಿದರೆ ಕೇಸು ನಮ್ಮ ಮೇಲೆ ತಿರುಗಬಹುದು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಬೋರ್ಡಿನ ಮೇಲಿನ ಹೆಸರು ನೋಡಬೇಡ, ಒಂದು ಗಂಟೆ ಕೂತು ಕ್ಲಾಸು ನೋಡು. ಎದುರಿನ ಹುಡುಗಿ ಕೊಸರಿಕೊಳ್ಳುತ್ತಾಳಾ? ಮಕ್ಕಳು ಸೋಲುವುದು ಕಾಣಿಸುತ್ತದಾ? ಕೂಗಲು ಕಲಿಸುತ್ತಾರಾ? ಅಕ್ಕ ಮೂರು ಕಡೆ ಹೋಗಿ ನೋಡಿ ಬಂದಳು. ಕೊನೆಗೆ ಸೇರಿಸಿದ್ದು ಜೂಡೋಗೆ.

ಕಳೆದ ವಾರ ಅವಳ ಮಗಳು ಅಡುಗೆಮನೆಯಲ್ಲಿ ನನ್ನ ಮುಂದೆ ಕೈ ಚಾಚಿದಳು. "ಹಿಡೀರಿ ಚಿಕ್ಕಮ್ಮ. ಸುಮ್ನೆ ಹಿಡಿದ ಹಾಗೆ ಮಾಡ್ಬೇಡಿ, ಗಟ್ಟಿ ಹಿಡೀರಿ." ನಾನು ಎರಡೂ ಕೈಯಿಂದ ಹಿಡಿದೆ. ಮೊದಲ ಸಲ ಬಿಡಿಸಿಕೊಳ್ಳಲು ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ, ಮಣಿಕಟ್ಟು ಕೆಂಪಾಯಿತು. ಮೂರನೇ ಸಲ ಅವಳು ಕೈಯನ್ನು ನನ್ನ ಹೆಬ್ಬೆರಳ ಕಡೆಗೆ ತಿರುವಿ, ಒಂದು ಹೆಜ್ಜೆ ಹಿಂದೆ ಸರಿದು, ಇಡೀ ಮೈಯಿಂದ ಎಳೆದಳು. ಕೈ ಬಿಟ್ಟುಹೋಯಿತು.