ಹೆಸರಿನ ಮುಂದಿನ ಊರು: ಮಲೆನಾಡಿನ ಅಪರೂಪದ ಮನೆತನದ ಹೆಸರುಗಳು

ನಮ್ಮ ಕಡೆ ಮದುವೆ ಮನೆಯಲ್ಲಿ ಹಿರಿಯರು ಮೊದಲು ಕೇಳುವುದು, "ನೀನು ಯಾರ ಪೈಕಿ? ಯಾವ ಮನೆ?" ಅಂತ. ನಮ್ಮ ಹೆಸರು ಕೇಳುವುದು ಆಮೇಲೆ. ಅಪರೂಪದ ಮನೆತನದ ಹೆಸರುಗಳನ್ನು ಓದಲು ಹೊರಟವರು ಇಲ್ಲಿಂದಲೇ ಶುರು ಮಾಡಿ. ಯಾಕೆಂದರೆ ಮಲೆನಾಡಿನಲ್ಲಿ ಅಂಥ ಹೆಸರು ಜಾಸ್ತಿ ಕಡೆ ಒಂದು ಜಾಗದ ಹೆಸರೇ.

ಹೆಗಡೆ, ಗೌಡ ಇವೆಲ್ಲ ಹುದ್ದೆಯಿಂದ ಬಂದವು. ಶಾಸನಗಳ ಪೆರ್ಗಡೆ ಹೆಗ್ಗಡೆಯಾಗಿ ಹೆಗಡೆಯಾಯಿತು, ಗಾವುಂಡ ಗೌಡ ಆಯಿತು. ಇವು ಎಲ್ಲೆಲ್ಲೂ ಇವೆ, ಬಿಡಿ.

ಮಜಾ ಇರುವುದು ಮಕ್ಕಿ, ಕೊಡಿಗೆ ಎಂದು ಮುಗಿಯುವ ಹೆಸರುಗಳಲ್ಲಿ. ಮಕ್ಕಿ ಅಂದರೆ ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ. ತಗ್ಗಿನಲ್ಲಿ ನೀರು ನಿಲ್ಲುವಂಥದ್ದು ಬೈಲು. ಹಾಗಾಗಿ ಹೆಸರಿನ ಬಾಲ ನೋಡಿದರೆ ಆ ಊರು ಎಂಥ ನೆಲದ ಮೇಲೆ ಎದ್ದಿತು ಅನ್ನುವ ಸುಳಿವು ಸಿಗುತ್ತದೆ. ಕೊಡಿಗೆ ಬಂದದ್ದು 'ಕೊಡು' ಎಂಬುದರಿಂದ. ಅದು ಇನಾಮಾಗಿ ಕೊಟ್ಟ ಭೂಮಿ. ಕೆರೆ ನೋಡಿಕೊಂಡವರಿಗೆ ಕೊಟ್ಟರೆ ಕಟ್ಟುಕೊಡಿಗೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟರೆ ನೆತ್ತರುಗೊಡಗೆ. ಈ ಪದ ಶಾಸನದಲ್ಲಿ ಮೊದಲ ಸಲ ಕಂಡಾಗ ನಾನು ಪುಟ ತಿರುಗಿಸದೆ ತುಂಬಾ ಹೊತ್ತು ಕೂತಿದ್ದೆ.

ಒಂದು ಎಚ್ಚರಿಕೆ. ಈ ಹೆಸರು ಹುಟ್ಟಿದ ಊರನ್ನೇ ಹೇಳಬೇಕೆಂದಿಲ್ಲ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಲ್ಲಿ. ಹೆಸರಿನ 'ಕು' ಮಾತ್ರ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ತಂದೆಯ ಮನೆ. ಯು. ಆರ್. ಅನಂತಮೂರ್ತಿ 1932ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರದ ಮೇಳಿಗೆಯಲ್ಲಿ, ಅವರ 'ಯು' ಉಡುಪಿ.

ಇನ್ನು ಲೆಕ್ಕದ ಮಾತು. ಒಂದು ಹೆಸರಿನವರು ಎಷ್ಟು ಮಂದಿ ಇದ್ದಾರೆ? ಜನಗಣತಿಯ ಕೋಷ್ಟಕಗಳಲ್ಲಿ ಈ ಲೆಕ್ಕ ಇರುವುದಿಲ್ಲ. ಮತದಾರರ ಪಟ್ಟಿ ಹಿಡಿದು ಕೂತರೆ ಇನಿಷಿಯಲ್ ಅಡ್ಡ ಬರುತ್ತದೆ. ಕುಪ್ಪಳಿ, ಕಾಗೋಡು, ಕೋಣಂದೂರು, 1956ರಲ್ಲಿ ಮುಖ್ಯಮಂತ್ರಿಯಾಗಿದ್ದ ಮಂಜಪ್ಪನವರ ಕಡಿದಾಳು, ಎಲ್ಲಕ್ಕೂ ಒಂದೇ 'ಕೆ.' ಅಲ್ವಾ? ಅದಕ್ಕೇ ಹೆಸರು ಇರುವುದಕ್ಕಿಂತ ಅಪರೂಪವಾಗಿ ಕಾಣುತ್ತದೆ. ಇದರ ತಿರುವುಮುರುವೂ ಉಂಟು: ಒಂದೇ ಊರಿನ ಹೆಸರನ್ನು ಬೇರೆ ಬೇರೆ ಜಾತಿಯ ಮನೆಗಳು ಇಟ್ಟುಕೊಂಡಿರುತ್ತವೆ. ಹೆಸರು ಒಂದೇ ಅಂದ ಮಾತ್ರಕ್ಕೆ ನೆಂಟರು ಅಂದುಕೊಳ್ಳಬೇಡಿ. ಹಳೇ ಲಗ್ನಪತ್ರಿಕೆ ಸಿಕ್ಕರೆ ಎಸೆಯಬೇಡಿ. ಊರು, ಮನೆ, ಸಂಬಂಧ ಮೂರೂ ಬಿಡಿಸಿ ಬರೆದಿರುವುದು ಅದರಲ್ಲೇ.

ಹೆಸರು ಚದುರಿದ್ದಕ್ಕೆ ದೊಡ್ಡ ಕಾರಣ ಮುಳುಗಡೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಆ ಹೆಸರಲ್ಲೂ ಒಂದು ಮಕ್ಕಿ ಇದೆ, ನೋಡಿ. ಊರುಗಳು ನೀರಿನಡಿ ಹೋದವು, ಜನ ಜಿಲ್ಲೆಯ ಬೇರೆ ಕಡೆ ಬಂದು ನೆಲೆಯಾದರು. ಹೆಸರು ಅವರ ಜೊತೆ ಬಂತು. ನಮ್ಮ ಬೀದಿಯ ಒಬ್ಬ ಅಜ್ಜಿ ಮುಳುಗಡೆಯವರು. ಕಳೆದ ವರ್ಷ ಮೊಮ್ಮಗಳ ಲಗ್ನಪತ್ರಿಕೆ ಕೊಟ್ಟರು. ವಿಳಾಸ ಶಿವಮೊಗ್ಗದ್ದು. ಅಜ್ಜನ ಹೆಸರಿನ ಮುಂದೆ ನೀರಲ್ಲಿರುವ ಊರು, ಪೂರ್ತಿ ಅಕ್ಷರದಲ್ಲಿ. ಪ್ರೆಸ್ಸಿನ ಹುಡುಗ ಅದನ್ನು ಇನಿಷಿಯಲ್ ಮಾಡಿದ್ದನಂತೆ. ಅಜ್ಜಿ ವಾಪಸ್ ಕಳಿಸಿ ತಿದ್ದಿಸಿದರಂತೆ.