ಬಿಲ್ಡರ್ ತಿಂಗಳ ದುಡ್ಡು ನಿಲ್ಲಿಸಿದಾಗ: ಅಶ್ಯೂರ್ಡ್ ರಿಟರ್ನ್ ಖರೀದಿದಾರರಿಗೆ ಇರುವ ಕಾನೂನು ದಾರಿಗಳು

ಅಶ್ಯೂರ್ಡ್ ರಿಟರ್ನ್ ಅಂದರೆ ದುಡ್ಡು ಮೊದಲೇ ಪಡೆದ ಬಿಲ್ಡರ್, ತಿಂಗಳು ತಿಂಗಳು ಇಷ್ಟು ಕೊಡುತ್ತೇನೆ ಅಂತ ಕೊಡುವ ಮಾತು. ಈ ವಿಷಯ ಓದುವಾಗ ಕಾಯ್ದೆಗಳ ಪಟ್ಟಿ ಹಿಡಿದು ಹೊರಟರೆ ತಲೆ ಕೆಡುತ್ತದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ), ಗ್ರಾಹಕ ಆಯೋಗ, ದಿವಾಳಿ ಸಂಹಿತೆ, ಚೆಕ್ ಬೌನ್ಸ್, ಠೇವಣಿ ಕಾಯ್ದೆ, ಸಿವಿಲ್ ದಾವೆ, ಎಲ್ಲವೂ ಅನ್ವಯಿಸುವ ಹಾಗೆ ಕಾಣುತ್ತವೆ. ಅದಕ್ಕೇ ಒಂದು ಪ್ರಶ್ನೆ ಇಟ್ಟುಕೊಂಡು ಓದಿ: ದುಡ್ಡು ಕೊಟ್ಟವರನ್ನು ಕಾನೂನು ಯಾರು ಅಂತ ನೋಡುತ್ತದೆ? ಆಸ್ತಿ ಕೊಂಡವರು ಅಂತಲೇ, ಸಾಲ ಕೊಟ್ಟವರು ಅಂತಲೇ, ಲಾಭಕ್ಕೆ ದುಡ್ಡು ಹೂಡಿದವರು ಅಂತಲೇ? ಒಂದೊಂದು ವೇದಿಕೆಗೆ ಒಂದೊಂದು ಉತ್ತರ ಬೇಕು. ಒಂದು ಕಡೆ ಕೈ ಹಿಡಿಯುವ ಉತ್ತರ ಇನ್ನೊಂದು ಕಡೆ ಕೇಸನ್ನೇ ಬೀಳಿಸಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು ಕಟ್ಟುತ್ತಿರುವ ಕಟ್ಟಡದಲ್ಲಿ ಒಂದು ಆಫೀಸ್ ಯೂನಿಟ್ ಬುಕ್ ಮಾಡುತ್ತಾರೆ. ಬೆಲೆ 40 ಲಕ್ಷ ರೂಪಾಯಿ. ಕಂತು ಬೇಡ, ಪೂರ್ತಿ ಈಗಲೇ ಕೊಡಿ, ಸ್ವಾಧೀನ ಕೊಡುವವರೆಗೆ ವರ್ಷಕ್ಕೆ ಶೇ. 12ರ ಲೆಕ್ಕದಲ್ಲಿ ತಿಂಗಳಿಗೆ 40,000 ಕೊಡುತ್ತೇವೆ ಅಂತ ಬಿಲ್ಡರ್ ಹೇಳುತ್ತಾರೆ. ಎರಡು ಕಾಗದಕ್ಕೆ ಸಹಿ ಬೀಳುತ್ತದೆ. ಒಂದು ಮಾರಾಟದ ಕರಾರು. ಇನ್ನೊಂದು, ತಿಂಗಳ ದುಡ್ಡಿನ ಮಾತಿರುವ ಎಂಒಯು, ಅಂದರೆ ಒಡಂಬಡಿಕೆ ಪತ್ರ. ಜೊತೆಗೆ ಪ್ರತಿ ವರ್ಷಕ್ಕೆ ಮುಂದಿನ ತಾರೀಖಿನ 12 ಚೆಕ್. ಎರಡು ವರ್ಷ ದುಡ್ಡು ಸರಿಯಾಗಿ ಬರುತ್ತದೆ. ಆಮೇಲೆ ನಿಲ್ಲುತ್ತದೆ. ಕಟ್ಟಡವೂ ಅರ್ಧಕ್ಕೆ ನಿಂತಿದೆ.

ಇಲ್ಲಿ ಕರಾರು ಇವರನ್ನು ಖರೀದಿದಾರ ಅನ್ನುತ್ತದೆ. ಎಂಒಯು ಹೂಡಿಕೆದಾರ ಅನ್ನುತ್ತದೆ. ಇಡೀ ವಿಷಯದ ಗಂಟು ಇರುವುದು ಈ ಎರಡು ಕಾಗದದ ನಡುವೆ.

ಮೊದಲು ಕಾಗದ, ಆಮೇಲೆ ಕೋರ್ಟು

ಬ್ಯಾಂಕ್ ಪಾಸ್‌ಬುಕ್ ನೋಡಿದರೆ ತಿಂಗಳಿಗೆ 40,000 ಬಂದಿರುವುದಿಲ್ಲ, 36,000 ಬಂದಿರುತ್ತದೆ. ಉಳಿದ 4,000 ಟಿಡಿಎಸ್. ಅದು ನಿಮ್ಮ ಹೆಸರಲ್ಲಿ ಕಡಿತ ಆದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಬಿಲ್ಡರ್ ಹೆಸರಿನ ಮುಂದೆ ಕಾಣುತ್ತದೆ. ಯಾವ ಸೆಕ್ಷನ್ ಅಡಿ ಕಡಿತ ಆಗಿದೆ ಅಂತ ಗಮನಿಸಿ. 1961ರ ಆದಾಯ ತೆರಿಗೆ ಕಾಯ್ದೆಯ 194ಎ ಅಂತಿದ್ದರೆ ಬಿಲ್ಡರ್ ಆ ದುಡ್ಡನ್ನು ತಾನೇ ಬಡ್ಡಿ ಅಂತ ಒಪ್ಪಿದ ಹಾಗೆ. ಇದು ಸಣ್ಣ ವಿಷಯ ಅಲ್ಲ. 2017ರ ಜುಲೈನಲ್ಲಿ ಎಎಂಆರ್ ಇನ್‌ಫ್ರಾಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಎನ್‌ಸಿಎಲ್‌ಎಟಿ (ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ) ಖರೀದಿದಾರರನ್ನು ದಿವಾಳಿ ಸಂಹಿತೆಯ 'ಹಣಕಾಸು ಸಾಲದಾತರು', ಅಂದರೆ ಕಂಪನಿಗೆ ಸಾಲ ಕೊಟ್ಟವರು ಅಂತ ಒಪ್ಪಿಕೊಂಡಿತು. ಕಂಪನಿ ಈ ಪಾವತಿಯನ್ನು ತನ್ನ ಲೆಕ್ಕಪತ್ರದಲ್ಲಿ ಹಣಕಾಸು ವೆಚ್ಚದ ಕೆಳಗೆ ತೋರಿಸಿದ್ದು, 194ಎ ಅಡಿ ತೆರಿಗೆ ಕಡಿದಿದ್ದು, ಎರಡೂ ಆ ತೀರ್ಮಾನಕ್ಕೆ ಬಲ ಕೊಟ್ಟವು.

ಹಾಗಾಗಿ ರಸೀದಿ, ಕರಾರು, ಎಂಒಯು, ಬ್ರೋಷರ್, ಇಮೇಲ್, ವಾಟ್ಸ್ಆ್ಯಪ್ ಮೆಸೇಜ್, 26ಎಎಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಬೇಕು. ಬ್ರೋಷರನ್ನು ಎಸೆಯಲೇಬಾರದು. ರೇರಾ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಜಾಹೀರಾತಿನಲ್ಲಿದ್ದ ಸುಳ್ಳು ಮಾತನ್ನು ನಂಬಿ ದುಡ್ಡು ಕೊಟ್ಟು ನಷ್ಟ ಆದವರಿಗೆ ಪರಿಹಾರ ಸಿಗಬೇಕು. ಅವರು ಯೋಜನೆಯಿಂದ ಹೊರಗೆ ಬರುತ್ತೇನೆ ಅಂದರೆ ದುಡ್ಡು ಬಡ್ಡಿ ಸಮೇತ ವಾಪಸ್ ಆಗಬೇಕು.

ಮೊದಲು ಕೈ ತಪ್ಪುವುದು ಚೆಕ್

ಎಲ್ಲ ದಾರಿಗಳಲ್ಲಿ ಅತಿ ಕಡಿಮೆ ಸಮಯ ಇರುವುದು ಚೆಕ್‌ಗೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಓದುವಾಗ ಈ ಸರಪಳಿ ನೆನಪಿರಲಿ. ಚೆಕ್ಕನ್ನು ಅದರ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದ ಮೆಮೊ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು ಬಿಲ್ಡರ್‌ಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ವಿಚಾರಣೆ ನಡೆಯುವಾಗಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು 143ಎ ಅವಕಾಶ ಕೊಡುತ್ತದೆ.

"ಈ ತಿಂಗಳ ಚೆಕ್ ಹಾಕಬೇಡಿ, ನಾವೇ ಆರ್‌ಟಿಜಿಎಸ್ ಮಾಡ್ತೀವಿ" ಅನ್ನುವ ಫೋನ್ ಬಂದಾಗ ಜನ ಸುಮ್ನೆ ಕಾಯುತ್ತಾರೆ. ಮೂರು ತಿಂಗಳು ಕಳೆದರೆ ಆ ಚೆಕ್ ಬರೀ ಕಾಗದ. ಇದು ನನಗೆ ತುಂಬ ಬೇಸರ ತರಿಸುವ ವಿಷಯ, ಯಾಕೆಂದರೆ ಇಲ್ಲಿ ಹಕ್ಕು ಹೋಗುವುದು ಕಾನೂನಿನ ಕೊರತೆಯಿಂದಲ್ಲ, ನಂಬಿಕೆಯಿಂದ.

ಸಿವಿಲ್ ದಾವೆಗೆ ಮೂರು ವರ್ಷದ ಮಿತಿ ಇದೆ. ಪ್ರತಿ ತಿಂಗಳ ಬಾಕಿಗೆ ಅದರದ್ದೇ ಗಡುವು. 2023ರ ಜುಲೈನಲ್ಲಿ ಬರಬೇಕಿದ್ದ ಕಂತಿಗೆ 2026ರ ಜುಲೈನಲ್ಲಿ ಮಿತಿ ಮುಗಿಯುತ್ತದೆ, ಆಗಸ್ಟ್ ಕಂತಿಗೆ ಆಗಸ್ಟ್‌ನಲ್ಲಿ. ಲಿಖಿತ ಕರಾರಿನಲ್ಲಿ ಮೊತ್ತ ನಿಖರವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಅಡಿ ಸಮರಿ ದಾವೆ, ಅಂದರೆ ಬೇಗ ತೀರ್ಮಾನ ಆಗುವ ದಾವೆ ಹಾಕಬಹುದು. ಅಲ್ಲಿ ಬಿಲ್ಡರ್ ವಾದ ಮಾಡುವುದಕ್ಕೂ ಕೋರ್ಟಿನ ಅನುಮತಿ ಪಡೆಯಬೇಕು.

ರೇರಾ: ಉದ್ದೇಶ ಕೇಳದ ಕಾಯ್ದೆ

2016ರ ರೇರಾ ಕಾಯ್ದೆಯ ದೊಡ್ಡ ಗುಣ ಏನೆಂದರೆ ಅದು ನೀವು ಯಾಕೆ ಕೊಂಡಿರಿ ಅಂತ ಕೇಳುವುದಿಲ್ಲ. ಸೆಕ್ಷನ್ 2(ಡಿ)ಯ 'ಅಲಾಟಿ' (ಯೂನಿಟ್ ಹಂಚಿಕೆ ಪಡೆದವರು) ಅನ್ನುವುದರ ಅರ್ಥದಿಂದ ಬಾಡಿಗೆಗೆ ಪಡೆದವರನ್ನು ಮಾತ್ರ ಹೊರಗೆ ಇಟ್ಟಿದ್ದಾರೆ. 'ಅಪಾರ್ಟ್‌ಮೆಂಟ್' ಅನ್ನುವುದರಲ್ಲಿ ಅಂಗಡಿ, ಆಫೀಸ್, ಗೋದಾಮು ಎಲ್ಲ ಸೇರುತ್ತವೆ. ನಮ್ಮ ಉದಾಹರಣೆಯ ಆಫೀಸ್ ಯೂನಿಟ್‌ಗೆ ಇದು ಮೊದಲ ಆಸರೆ.

ಸೆಕ್ಷನ್ 18(1) ಪ್ರಕಾರ ಹೇಳಿದ ದಿನಕ್ಕೆ ಸ್ವಾಧೀನ ಕೊಡದಿದ್ದರೆ ಖರೀದಿದಾರನಿಗೆ ಎರಡು ಆಯ್ಕೆ. ಹೊರಗೆ ಬಂದು ಪೂರ್ತಿ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳಬಹುದು. ಅಥವಾ ಒಳಗೇ ಇದ್ದು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಕರ್ನಾಟಕದ ನಿಯಮದಲ್ಲಿ ಬಡ್ಡಿ ಅಂದರೆ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್‌ಗೆ (ಬ್ಯಾಂಕ್ ಸಾಲದ ಮೂಲ ಬಡ್ಡಿ ದರ) ಶೇ. 2 ಸೇರಿಸಿದ ದರ. 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾಪಸಾತಿಯ ಹಕ್ಕು ಷರತ್ತಿಲ್ಲದ್ದು ಅಂತ ಹೇಳಿತು. ವಾಪಸಾತಿ ಮತ್ತು ಬಡ್ಡಿ ರೇರಾ ಪ್ರಾಧಿಕಾರದ ಕೆಲಸ, ಪರಿಹಾರದ ಲೆಕ್ಕ ನ್ಯಾಯನಿರ್ಣಯ ಅಧಿಕಾರಿಯ ಕೆಲಸ ಅಂತಲೂ ಬಿಡಿಸಿ ಹೇಳಿತು. ಪರೀಕ್ಷೆಯಲ್ಲಿ ಈ ಎರಡನ್ನು ಕಲಸಿ ಬರೆಯುವವರೇ ಜಾಸ್ತಿ.

ಆದರೆ ನಿಂತಿದ್ದು ತಿಂಗಳ ದುಡ್ಡು, ಅಲ್ವಾ? ಸೆಕ್ಷನ್ 18(1) ಮಾತಾಡುವುದು ಸ್ವಾಧೀನದ ಬಗ್ಗೆ. ಅಶ್ಯೂರ್ಡ್ ರಿಟರ್ನ್ ಅನ್ನುವ ಪದವೇ ಕಾಯ್ದೆಯಲ್ಲಿಲ್ಲ. ಆಗ 11(4)(ಎ) ಮತ್ತು 18(3)ರ ಕಡೆಗೆ ಹೋಗಬೇಕು. ಕರಾರಿನ ಪ್ರಕಾರ ಬರುವ ಎಲ್ಲ ಹೊಣೆಗಳಿಗೂ ಪ್ರವರ್ತಕ, ಅಂದರೆ ಬಿಲ್ಡರ್, ಬದ್ಧ ಅಂತ ಅವು ಹೇಳುತ್ತವೆ. ಎಂಒಯು ಆ ಕರಾರಿನ ಭಾಗವೋ ಅಲ್ಲವೋ ಅನ್ನುವುದೇ ಜಗಳ. ಇದು ಎಷ್ಟು ಜಾರುವ ಜಾಗ ಅಂದರೆ, ಹರಿಯಾಣದ ಗುರುಗ್ರಾಮ ರೇರಾ ಪ್ರಾಧಿಕಾರ 2018ರಲ್ಲಿ ಇಂಥ ದೂರು ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂದಿತ್ತು. 2021ರಲ್ಲಿ ಅದೇ ಪ್ರಾಧಿಕಾರ ನಿಲುವು ಬದಲಿಸಿ, ಎರಡೂ ಕಾಗದ ಒಂದೇ ವ್ಯವಹಾರದಿಂದ ಹುಟ್ಟಿದವು ಅಂತ ನೋಡಿ, ಬಾಕಿ ಕೊಡಲು ಆದೇಶ ಮಾಡಿತು. ನನಗೆ ಎರಡನೆಯ ನಿಲುವೇ ಸರಿ ಅನ್ನಿಸುತ್ತದೆ. ತಿಂಗಳ ದುಡ್ಡಿನ ಮಾತಿಲ್ಲದಿದ್ದರೆ ಯಾರೂ 40 ಲಕ್ಷವನ್ನು ಒಂದೇ ಸಲ ಕೊಡುತ್ತಿರಲಿಲ್ಲ.

ದೂರಿನಲ್ಲಿ ಸೇರಿಸಬೇಕಾದ ಇನ್ನೊಂದು ಅಂಶ ಸೆಕ್ಷನ್ 13. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಪಡೆಯುವ ಹಾಗಿಲ್ಲ. ಪೂರ್ತಿ ದುಡ್ಡು ಮೊದಲೇ ತೆಗೆದುಕೊಂಡು ಕರಾರನ್ನು ನೋಂದಣಿ ಮಾಡಿಸದ ಬಿಲ್ಡರ್ ಈ ಒಂದೇ ಕಾರಣಕ್ಕೆ ಸಿಕ್ಕಿಬೀಳುತ್ತಾರೆ.

ಆದೇಶ ಸಿಕ್ಕರೆ ದುಡ್ಡು ಸಿಕ್ಕ ಹಾಗಲ್ಲ. ಸೆಕ್ಷನ್ 40ರ ಅಡಿ ಅದನ್ನು ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬೇಕು, ಅಂದರೆ ಕಂದಾಯ ಇಲಾಖೆಯ ಕೈಗೆ ಹೋಗುತ್ತದೆ. ತಡ ಆಗುವುದು ಹೆಚ್ಚಾಗಿ ಇಲ್ಲೇ. ಬಿಲ್ಡರ್ ಮೇಲ್ಮನವಿ ಹಾಕಿದರೆ ಮಾತ್ರ ಒಂದು ಸಮಾಧಾನ ಇದೆ: 43(5)ರ ಪ್ರಕಾರ ಖರೀದಿದಾರನಿಗೆ ಕೊಡಬೇಕಾದ ಪೂರ್ತಿ ಮೊತ್ತ ಠೇವಣಿ ಇಡದೆ ಮೇಲ್ಮನವಿ ವಿಚಾರಣೆಗೇ ಬರುವುದಿಲ್ಲ.

ಗ್ರಾಹಕ ಆಯೋಗ ಕೇಳುವ ಪ್ರಶ್ನೆ

ರೇರಾ ಬಂದ ಮೇಲೂ ಈ ಬಾಗಿಲು ತೆರೆದೇ ಇದೆ ಅಂತ 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪು ಹೇಳಿದೆ. ಕೊಟ್ಟ ದುಡ್ಡು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. 2019ರ ಕಾಯ್ದೆಯಲ್ಲಿ ದೂರುದಾರ ತಾನಿರುವ ಊರಲ್ಲೇ ದೂರು ಕೊಡಬಹುದು. ಬೇರೆ ರಾಜ್ಯದ ಯೋಜನೆಗೆ ದುಡ್ಡು ಹಾಕಿದವರಿಗೆ ಇದು ದೊಡ್ಡ ಅನುಕೂಲ. ಮಿತಿ ಎರಡು ವರ್ಷ. ಸ್ವಾಧೀನವನ್ನೇ ಕೊಡದಿದ್ದರೆ ದೂರಿನ ಕಾರಣ ದಿನದಿನವೂ ಮುಂದುವರಿಯುತ್ತದೆ.

ತೊಡಕು 'ವಾಣಿಜ್ಯ ಉದ್ದೇಶ'ದಲ್ಲಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡಿದ್ದರೆ ವಿನಾಯಿತಿ ಇದೆ. ಆಫೀಸ್ ಯೂನಿಟ್, ಮೇಲೆ ತಿಂಗಳ ಆದಾಯ ಅಂದ ತಕ್ಷಣ ಬಿಲ್ಡರ್ ಪರ ವಕೀಲರು ಇದನ್ನೇ ಎತ್ತುತ್ತಾರೆ. ಆದರೆ ಸುಮ್ನೆ ಹೇಳಿದರೆ ಸಾಲದು. ಆ ಉದ್ದೇಶವನ್ನು ಸಾಬೀತು ಮಾಡುವ ಹೊಣೆ ಎದುರು ಪಕ್ಷದ್ದು ಅಂತ 2024ರ ಶ್ರೀರಾಮ್ ಚಿಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಯೂನಿಟ್ ಕೊಂಡ ನಿವೃತ್ತ ನೌಕರರಿಗೂ ಐದು ಯೂನಿಟ್ ಕೊಂಡ ವ್ಯಾಪಾರಿಗೂ ಇಲ್ಲಿ ಬಹಳ ವ್ಯತ್ಯಾಸ. ಐದು ಯೂನಿಟ್‌ನವರು ರೇರಾಗೆ ಹೋಗುವುದೇ ಮೇಲು.

ದಿವಾಳಿ ಸಂಹಿತೆ: ಕೈ ಹಿಡಿದ ಷರತ್ತೇ ತಿರುಗಿ ನಿಂತಿದ್ದು

ಈ ಭಾಗವನ್ನು ವರ್ಷಗಳ ಕ್ರಮದಲ್ಲೇ ಓದಬೇಕು. 2016ರಲ್ಲಿ ಸಂಹಿತೆ ಬಂದಾಗ ಮನೆ ಕೊಂಡವರಿಗೆ ಅದರಲ್ಲಿ ಸ್ಪಷ್ಟ ಜಾಗ ಇರಲಿಲ್ಲ. ಎಎಂಆರ್ ಪ್ರಕರಣದಲ್ಲಿ ಬಾಗಿಲು ತೆರೆದಿದ್ದು ಅಶ್ಯೂರ್ಡ್ ರಿಟರ್ನ್ ಷರತ್ತೇ: ದುಡ್ಡು ಕೊಟ್ಟಿದ್ದಾರೆ, ಕಾಲಕ್ಕೆ ತಕ್ಕ ಪ್ರತಿಫಲ ಇದೆ, ಹಾಗಾದರೆ ಇದು ಹಣಕಾಸು ಸಾಲ. 2018ರ ತಿದ್ದುಪಡಿ ಎಲ್ಲ ಅಲಾಟಿಗಳನ್ನೂ ಹಣಕಾಸು ಸಾಲದಾತರ ಸಾಲಿಗೆ ಸೇರಿಸಿತು. 2019ರ ಪಯೋನಿಯರ್ ಅರ್ಬನ್ ತೀರ್ಪು ಅದನ್ನು ಎತ್ತಿಹಿಡಿಯಿತು. 2020ರ ತಿದ್ದುಪಡಿಯಿಂದ ಅರ್ಜಿ ಹಾಕಲು ಒಂದೇ ಯೋಜನೆಯ 100 ಅಲಾಟಿಗಳು ಅಥವಾ ಒಟ್ಟು ಅಲಾಟಿಗಳಲ್ಲಿ ಶೇ. 10 ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕಾಯಿತು. ಬಾಕಿ ಕನಿಷ್ಠ 1 ಕೋಟಿ ಇರಬೇಕು.

ಆಮೇಲೆ 2025ರ ಸೆಪ್ಟೆಂಬರ್ 12ರ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮನೆ ಬೇಕಾದವರು ಬೇರೆ, ಬರೀ ಲಾಭಕ್ಕೆ ಬಂದ 'ಊಹಾತ್ಮಕ ಹೂಡಿಕೆದಾರರು' ಬೇರೆ, ಎರಡನೆಯವರು ಸೆಕ್ಷನ್ 7ರ ಅಡಿ ದಿವಾಳಿ ಪ್ರಕ್ರಿಯೆ ಶುರು ಮಾಡುವ ಹಾಗಿಲ್ಲ ಅಂತ ಅದು ಗೆರೆ ಎಳೆಯಿತು. ಹೇಗೆ ಗುರುತಿಸುವುದು? ಒಪ್ಪಂದದ ಷರತ್ತು, ಕೊಂಡ ಯೂನಿಟ್‌ಗಳ ಸಂಖ್ಯೆ, ಬೈಬ್ಯಾಕ್ (ಬಿಲ್ಡರ್ ತಾನೇ ವಾಪಸ್ ಕೊಳ್ಳುವುದು) ಅಥವಾ ನಿಶ್ಚಿತ ಪ್ರತಿಫಲದ ಮಾತು, ಸ್ವಾಧೀನದ ಬದಲು ಬೇರೆ ಏರ್ಪಾಡು, ಇವನ್ನೆಲ್ಲ ನೋಡಬೇಕು. 2017ರಲ್ಲಿ ಸಾಲದಾತನ ಸ್ಥಾನ ಕೊಡಿಸಿದ ಷರತ್ತೇ ಈಗ ಅನುಮಾನಕ್ಕೆ ಕಾರಣ. ಈ ವಿಷಯದಲ್ಲಿ ಓದಲೇಬೇಕಾದ ತಿರುವು ಇದು. ಗಮನಿಸಿ, ಇಂಥವರಿಗೆ ರೇರಾ, ಗ್ರಾಹಕ ಆಯೋಗ, ಸಿವಿಲ್ ಕೋರ್ಟಿನ ದಾರಿ ಮುಚ್ಚಿಲ್ಲ. ದಿವಾಳಿ ಸಂಹಿತೆಯನ್ನು ವಸೂಲಿಯ ಅಸ್ತ್ರ ಮಾಡಬೇಡಿ ಅನ್ನುವುದಷ್ಟೇ ಅದರ ತಿರುಳು.

ಬೇರೆ ಯಾರೋ, ಉದಾಹರಣೆಗೆ ಒಂದು ಬ್ಯಾಂಕ್, ಬಿಲ್ಡರ್ ಮೇಲೆ ಪ್ರಕ್ರಿಯೆ ಶುರು ಮಾಡಿದರೆ? ಸೆಕ್ಷನ್ 14ರ ತಡೆ ಬರುತ್ತದೆ. ಕಂಪನಿ ಮೇಲಿನ ದಾವೆ, ವಸೂಲಿ ಎಲ್ಲ ನಿಲ್ಲುತ್ತವೆ. ಆಗ ಪ್ರಕಟಣೆ ನೋಡಿಕೊಂಡು ಫಾರ್ಮ್ ಸಿಎಯಲ್ಲಿ ಕ್ಲೇಮ್ ಸಲ್ಲಿಸಬೇಕು. ಚೆಕ್ ಕೇಸ್ ಕೂಡ ಕಂಪನಿ ಮಟ್ಟಿಗೆ ನಿಲ್ಲುತ್ತದೆ, ಆದರೆ ನಿರ್ದೇಶಕರ ಮೇಲೆ ಮುಂದುವರಿಯಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಹಿ ಮಾಡಿದ ನಿರ್ದೇಶಕರನ್ನೂ ಮೊದಲೇ ನೋಟಿಸ್‌ನಲ್ಲಿ, ದೂರಿನಲ್ಲಿ ಸೇರಿಸುವುದು ಇದಕ್ಕೇ.

ಠೇವಣಿ ಮತ್ತು ಕ್ರಿಮಿನಲ್ ದೂರು

ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಬಂದ ಮೇಲೆ ಕೆಲವು ಬಿಲ್ಡರ್‌ಗಳು ಒಂದು ವಾದ ಶುರು ಮಾಡಿದರು: ರಿಟರ್ನ್ ಕೊಡುವುದನ್ನು ಈಗ ಕಾನೂನೇ ತಡೆದಿದೆ, ಹಾಗಾಗಿ ನಿಲ್ಲಿಸಿದೆವು. ಇದಕ್ಕೆ ಉತ್ತರ ಸೆಕ್ಷನ್ 2(4)ರಲ್ಲೇ ಇದೆ. ಸ್ಥಿರಾಸ್ತಿಗೆ ಪಡೆದ ಮುಂಗಡ ಕರಾರಿನ ಪ್ರಕಾರ ಆ ಆಸ್ತಿಯ ಬೆಲೆಗೇ ಹೊಂದಾಣಿಕೆ ಆಗುವುದಾದರೆ ಅದು ಠೇವಣಿಯೇ ಅಲ್ಲ. ಆಸ್ತಿ ನಿಜವಾಗಿ ಇಲ್ಲದೆ ಬರೀ ದುಡ್ಡು ಎತ್ತಿದ್ದರೆ ಮಾತ್ರ ಈ ಕಾಯ್ದೆ ಬಿಲ್ಡರ್ ಮೇಲೆಯೇ ತಿರುಗುತ್ತದೆ. ಜನರ ದುಡ್ಡನ್ನು ಒಟ್ಟುಗೂಡಿಸಿ ಜಮೀನಿನ ಹೆಸರಲ್ಲಿ ಲಾಭದ ಭರವಸೆ ಕೊಟ್ಟರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಕಾಯ್ದೆಯ 11ಎಎ ಕೂಡ ಬರಬಹುದು. 2014ರಲ್ಲಿ ಜಮೀನಿನ ಹೆಸರಲ್ಲಿ ದುಡ್ಡು ಎತ್ತಿದ್ದ ಪಿಎಸಿಎಲ್ ಕಂಪನಿಗೆ 49,100 ಕೋಟಿ ವಾಪಸ್ ಕೊಡಿ ಅಂತ ಸೆಬಿ ಆದೇಶಿಸಿದ್ದು ಈ ದಾರಿಯಲ್ಲೇ.

ಪೊಲೀಸ್ ದೂರಿಗೆ ಭಾರತೀಯ ನ್ಯಾಯ ಸಂಹಿತೆಯ 318 ವಂಚನೆಗೆ, 316 ನಂಬಿಕೆ ದ್ರೋಹಕ್ಕೆ. 2024ರ ಜುಲೈ 1ಕ್ಕಿಂತ ಮುಂಚಿನ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ 420, 406. ದುಡ್ಡು ನಿಂತಿತು ಅನ್ನುವುದೊಂದೇ ವಂಚನೆ ಆಗುವುದಿಲ್ಲ. ದುಡ್ಡು ಪಡೆಯುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅನುಮತಿಯೇ ಇಲ್ಲದ ಮಹಡಿ ಮಾರಿದ್ದು, ಒಂದೇ ಯೂನಿಟ್ ಇಬ್ಬರಿಗೆ ಕೊಟ್ಟದ್ದು, ಇಂಥ ಸಾಕ್ಷಿ ಬೇಕು.

ಇಷ್ಟರ ನಡುವೆ ಬಿಲ್ಡರ್ ಕಡೆಯಿಂದ 'ಪರಿಷ್ಕೃತ ಎಂಒಯು' ಬರುವುದುಂಟು. ಹಳೆಯ ಬಾಕಿ ಬಿಡಿ, ಮುಂದೆ ಲೀಸ್ ಬಾಡಿಗೆ ಕೊಡುತ್ತೇವೆ ಅಂತಿರುತ್ತದೆ. ಸಹಿ ಮಾಡಿದರೆ ಕರಾರು ಕಾಯ್ದೆಯ ಸೆಕ್ಷನ್ 62ರ ಪ್ರಕಾರ ಹಳೆಯ ಒಪ್ಪಂದದ ಜಾಗಕ್ಕೆ ಹೊಸದು ಬರುತ್ತದೆ, ಹಳೆಯ ಬಾಕಿ ಕೇಳುವ ಹಕ್ಕು ಹೋಗಬಹುದು. ಅದರ ಬದಲು ಬಾಕಿ ಇಷ್ಟು ಅಂತ ಬಿಲ್ಡರ್ ಸಹಿ ಇರುವ ಒಂದು ಪತ್ರ ಪಡೆಯುವುದು ಒಳ್ಳೆಯದು. ಮಿತಿ ಮುಗಿಯುವ ಮುಂಚೆ ಅದು ಕೈಗೆ ಬಂದರೆ, ಮಿತಿ ಕಾಯ್ದೆಯ ಸೆಕ್ಷನ್ 18ರ ಪ್ರಕಾರ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆ ಆಗುತ್ತದೆ.