ವರ್ಗಾವಣೆ ಕೇಳಿದ್ದು ಮಳೆಗಲ್ಲ

ಸಕಲೇಶಪುರದ ಆಚೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಹೆಡ್‌ಮಾಸ್ಟರ್ ಆಗಿದ್ದಾಗ ನನ್ನ ಜೇಬಿನಲ್ಲಿ ಒಂದು ಕೆಂಪು ಪೆನ್ನು ಇರುತ್ತಿತ್ತು. ಪ್ರಾರ್ಥನೆ ಮುಗಿದ ತಕ್ಷಣ ಹಾಜರಿ ಪುಸ್ತಕ ತೆಗೆದು, ಸಹಿ ಇಲ್ಲದ ಜಾಗಕ್ಕೆ ಗೆರೆ ಎಳೆಯುತ್ತಿದ್ದೆ. ಶಿಸ್ತು ಅಂದರೆ ಅದೇ ಅಂದುಕೊಂಡಿದ್ದೆ.

ಚನ್ನರಾಯಪಟ್ಟಣ ಕಡೆಯ ಒಬ್ಬ ವಿಜ್ಞಾನ ಮೇಡಂ ಇದ್ದರು. ಪೇಟೆಯಲ್ಲಿ ರೂಮು ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಜುಲೈ ಮಳೆಯಲ್ಲಿ ಆ ಬಸ್ಸು ಬಂದಾಗಲೇ ಬಂತು ಅನ್ನಬೇಕು. ಒದ್ದೆ ಸೀರೆಯಲ್ಲಿ ಓಡಿ ಬಂದು ಪುಸ್ತಕ ತೆರೆದರೆ ಅಲ್ಲಿ ಕೆಂಪು ಗೆರೆ. ಒಂದೇ ತಿಂಗಳಲ್ಲಿ ಆರು ಸಲ. ಸಂಜೆ ಐದಕ್ಕೂ ಲ್ಯಾಬಿನಲ್ಲಿ ಮಕ್ಕಳ ಜೊತೆ ಇರುತ್ತಿದ್ದರಲ್ಲ, ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಅರ್ಹತೆ ಬಂದ ವರ್ಷವೇ ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದರು. ಕೌನ್ಸೆಲಿಂಗ್‌ನಲ್ಲಿ ಊರ ಹತ್ತಿರ ಜಾಗ ಸಿಕ್ಕಿತು. ಬಿಡುಗಡೆ ಪತ್ರ ಕೊಡುವಾಗ, 'ನಮ್ಮ ಮಳೆ ನಿಮಗೆ ಆಗಲಿಲ್ಲ ಅಲ್ವೇನಮ್ಮಾ' ಅಂದೆ. 'ಮಳೆ ಅಭ್ಯಾಸ ಆಗಿತ್ತು ಸಾರ್' ಅಂದರು. ಮತ್ತೇನೂ ಹೇಳಲಿಲ್ಲ. ಆ ವರ್ಷ ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಆಗಸ್ಟ್ ಅರ್ಧ ಕಳೆದಿತ್ತು. ಎಸ್‌ಎಸ್‌ಎಲ್‌ಸಿ ಮಕ್ಕಳು ಅಲ್ಲಿಯ ತನಕ ವಿಜ್ಞಾನದ ಪೀರಿಯಡ್‌ನಲ್ಲಿ ಕಾಪಿ ಬರೆಯುತ್ತಿದ್ದರು.

ಮೇಷ್ಟ್ರು ಯಾಕೆ ಹೋಗುತ್ತಾರೆ ಅಂದರೆ ನಾವು ದೂರ, ಸಂಬಳ, ಮನೆ ಕಷ್ಟ ಅನ್ನುತ್ತೇವೆ. ಸುಳ್ಳೇನಲ್ಲ. ಗಂಡ ಹೆಂಡತಿ ಬೇರೆ ಬೇರೆ ಜಿಲ್ಲೆಯಲ್ಲಿದ್ದರೆ ಎಂಥ ಹೆಡ್‌ಮಾಸ್ಟರೂ ಹಿಡಿದಿಟ್ಟುಕೊಳ್ಳಲಾರ. ಆದರೆ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಇಂಗರ್‌ಸಾಲ್ 2001ರಲ್ಲಿ ಅಲ್ಲಿನ ಶಾಲೆಗಳ ಸಮೀಕ್ಷೆ ಇಟ್ಟುಕೊಂಡು ನೋಡಿದಾಗ, ಹೊಸ ಶಿಕ್ಷಕರನ್ನು ಎಷ್ಟು ತಂದು ಸುರಿದರೂ ತೂತು ಬಿದ್ದ ಕೊಡ ತುಂಬುವುದಿಲ್ಲ ಅನ್ನುವುದು ಕಂಡಿತು. ಅಸಮಾಧಾನದಿಂದ ಬಿಟ್ಟವರು ಕೊಟ್ಟ ಕಾರಣಗಳಲ್ಲಿ ಸಂಬಳದ ಜೊತೆಗೆ ಆಡಳಿತದ ಬೆಂಬಲ ಇಲ್ಲ ಅನ್ನುವುದೂ ಇತ್ತು. 2011ರಲ್ಲಿ ನ್ಯೂಯಾರ್ಕ್ ನಗರದ ಹೊಸ ಶಿಕ್ಷಕರ ಬಗ್ಗೆ ಬಂದ ಇನ್ನೊಂದು ಅಧ್ಯಯನದಲ್ಲಂತೂ, ಇರಬೇಕೋ ಹೋಗಬೇಕೋ ಅನ್ನುವ ತೀರ್ಮಾನದ ಮೇಲೆ ಶಾಲೆಯ ಮುಖ್ಯಸ್ಥರ ನಡವಳಿಕೆಯ ಪ್ರಭಾವವೇ ಜಾಸ್ತಿ ಕಂಡಿತ್ತು. ಊರು ಬೇರೆ, ವ್ಯವಸ್ಥೆ ಬೇರೆ. ಓದುವಾಗ ನನಗೆ ನೆನಪಾಗಿದ್ದು ಮಾತ್ರ ನನ್ನ ಕೆಂಪು ಪೆನ್ನು.

ಮುಂದಿನ ವರ್ಷ ಟೈಮ್‌ಟೇಬಲ್ ಬರೆಯುವಾಗ ಬಸ್ಸಿನ ವೇಳೆಯನ್ನು ಪಕ್ಕದಲ್ಲಿಟ್ಟುಕೊಂಡೆ. ಹೊರಗಿನಿಂದ ಬರುವ ಇಬ್ಬರಿಗೆ ಮೊದಲ ಪೀರಿಯಡ್ ಬಿಡಿಸಿ ಕೊನೆಯದನ್ನು ಕೊಟ್ಟೆ. ಖರ್ಚು ಒಂದು ಪೈಸೆ ಇಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ಈಗಲೂ ಬೇಜಾರಾಗುತ್ತದೆ. ನಾನು ಹೆಡ್‌ಮಾಸ್ಟರ್ ಆಗಿದ್ದು ಸೇವಾ ಹಿರಿತನದಿಂದ. ಪಾಠ ಮಾಡುವುದು ಗೊತ್ತಿತ್ತು, ಜನರನ್ನು ನೋಡಿಕೊಳ್ಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವ ಎಸ್‌ಎಟಿಎಸ್, ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಆಫೀಸಿನಿಂದ 'ಇವತ್ತೇ ಕಳಿಸಿ' ಅನ್ನುವ ಮೆಸೇಜು. ಅದರ ನಡುವೆ ಹೆಡ್‌ಮಾಸ್ಟರ್ ಸ್ಟಾಫ್ ರೂಮಿಗೆ ಕಾಲಿಡುವುದೇ ಇನ್ನೊಂದು ಮಾಹಿತಿ ಕೇಳುವುದಕ್ಕೆ ಅನ್ನುವ ಹಾಗೆ ಆಗಿಬಿಡುತ್ತದೆ.

ನಿವೃತ್ತಿಯಾದ ಮೇಲೆ ಹಾಸನದ ಕೆಲವು ಖಾಸಗಿ ಶಾಲೆಗಳಿಗೆ ಶಿಕ್ಷಕರನ್ನು ಆರಿಸಿಕೊಡಲು ಹೋಗುತ್ತೇನೆ. ಇಲ್ಲಿ ವರ್ಗಾವಣೆ ಇಲ್ಲ, ಏಪ್ರಿಲ್‌ನಲ್ಲಿ ರಾಜೀನಾಮೆ. ಒಂದು ಶಾಲೆಯವರು ಬಿಟ್ಟು ಹೋಗದಿರಲಿ ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅಲ್ಲಿಗೆ ನಾನು ಹೋಗುವುದು ಬಿಟ್ಟೆ. ಉಳಿದ ಕಡೆ ಮೊದಲು ಕೇಳುವುದು ಯಾರಾದರೂ ರಜೆ ಹಾಕಿದಾಗ ಯಾರನ್ನು ಆ ಕ್ಲಾಸಿಗೆ ಕಳಿಸಿದ್ದಾರೆ ಅನ್ನುವ ರಿಜಿಸ್ಟರ್. ಪುಟ ತಿರುಗಿಸಿದರೆ ಅದೇ ಎರಡು ಹೆಸರು ಮತ್ತೆ ಮತ್ತೆ ಬರುತ್ತದೆ. ಇಲ್ಲ ಅನ್ನಲಾಗದ ಹೊಸಬರು. ಏಪ್ರಿಲ್‌ನಲ್ಲಿ ಹೊರಡುವವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ.

ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ಮಾತ್ರ ಬೇರೆ ಥರ ನೋಡಿದೆ. ಮಗನಿಗೆ ಅಂಕ ಕಡಿಮೆ ಬಂತು ಅಂತ ಒಬ್ಬ ಅಪ್ಪ ವರಾಂಡದಲ್ಲಿ ನಿಂತು ಕನ್ನಡ ಮೇಡಂ ಮೇಲೆ ಕೂಗಾಡುತ್ತಿದ್ದ. ಹೆಡ್‌ಮಾಸ್ಟರ್ ಎದ್ದು ಹೋಗಿ, 'ಬನ್ನಿ ಯಜಮಾನ್ರೇ, ಒಳಗೆ ಕೂತ್ಕೊಳ್ಳಿ. ನನ್ನ ಹತ್ರ ಮಾತಾಡಿ' ಅಂತ ಕರೆತಂದರು. ಕಾಫಿ ತರಿಸಿದರು. ಮೇಡಂಗೆ, 'ನೀವು ಕ್ಲಾಸಿಗೆ ಹೋಗಿ' ಅಂದರು. ಉತ್ತರಪತ್ರಿಕೆ ತರಿಸಿ ನೋಡಿದರೆ ಕೂಡಿಸುವಾಗ ನಾಲ್ಕು ಅಂಕ ತಪ್ಪಿತ್ತು. ಆ ಅಪ್ಪನ ಎದುರೇ ತಿದ್ದಿದರು. ಮೇಡಂಗೆ ಹೇಳಬೇಕಾದ್ದನ್ನು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು ಹೇಳಿದರು. ಆಕೆ ಆ ಶಾಲೆಗೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು.